ಚುಚ್ಚಿದ್ದು ಅಲ್ಲಿ, ಜೋಮು ಹಿಡಿದದ್ದು ಇಲ್ಲಿ!

ಏಳನೆಯ ತರಗತಿಯ ಹುಡುಗನೊಬ್ಬ ಅಪ್ಪನ ಜೊತೆ ದಂತವೈದ್ಯರ ಬಳಿ ಹೋಗಿ ಮನೆಗೆ ಮರಳಿದ. ಕೆಳದವಡೆಯ ಬಲಗಡೆಯ ಹುಳುಕು ಹಲ್ಲಿಗೆ ಚಿಕಿತ್ಸೆಯಾಗಿತ್ತು. ನೀರು ಕುಡಿಯಲು ಲೋಟ ಎತ್ತಿದರೆ ಅರ್ಧ ನೀರು ಬಾಯಿಗೆ, ಇನ್ನರ್ಧ ಅಂಗಿಗೆ. ಮಾತು ಬೇರೆ ತೊದಲು. ಅದನ್ನು ಕಂಡ ಅಜ್ಜಿಗೆ ಗಾಬರಿ. "ಅಯ್ಯೋ, ಮಗೂಗೆ ಲಕ್ವ ಹೊಡೆದಿದೆಯಲ್ಲೋ! ಹಲ್ಲು ತೋರಿಸ್ಕೊಂಡು ಬಾ ಅಂದ್ರೆ ಬಾಯೇ ಸೊಟ್ಟ ಮಾಡಿಸ್ಕೊಂಡು ಬಂದಿದ್ದೀಯಲ್ಲ!" ಎಂದು ಮಗನನ್ನು ತರಾಟೆಗೆ ತೆಗೆದುಕೊಂಡರು.

ಹುಡುಗನಿಗೆ ಭಯಕ್ಕಿಂತ ಕುತೂಹಲವೇ ಹೆಚ್ಚು. ಕೆಟ್ಟದ್ದು ಒಂದು ಹಲ್ಲು. ಡಾಕ್ಟರು ಸೂಜಿ ಚುಚ್ಚಿದ್ದು ಆ ಹಲ್ಲಿನ ಬಳಿಯಲ್ಲ, ಬಾಯಿಯ ತೀರಾ ಹಿಂದೆ. ಜೋಮು ಹಿಡಿದದ್ದು ಕೆಳತುಟಿ, ಗದ್ದ ಮತ್ತು ನಾಲಿಗೆಯ ಬಲ ಅರ್ಧ. ಅದೂ ಗೀಟು ಎಳೆದ ಹಾಗೆ ನಟ್ಟನಡುವೆ ಬಂದು ನಿಂತಿದೆ. ಹೋದ ವರ್ಷ ಅಕ್ಕನ ಮೇಲಿನ ಹಲ್ಲಿಗೆ ಚಿಕಿತ್ಸೆಯಾದಾಗ ಹಲ್ಲಿನ ಪಕ್ಕದಲ್ಲೇ ಚುಚ್ಚಿದ್ದರು. ಅವಳ ನಾಲಿಗೆಗೆ ಏನೂ ಆಗಿರಲಿಲ್ಲ. ಮೇಲಿನ ಹಲ್ಲಿಗೊಂದು ನ್ಯಾಯ, ಕೆಳಗಿನ ಹಲ್ಲಿಗೊಂದು ನ್ಯಾಯವೇ?

ಹೌದು, ಹಾಗೆಯೇ ಇದೆ. ಅದನ್ನು ತಿಳಿಯಬೇಕಾದರೆ ನಮ್ಮ ಮುಖದೊಳಗಿನ 'ವೈರಿಂಗ್' ಹೇಗಿದೆ ಎಂದು ನೋಡಬೇಕು.

ಮೂರು ಕವಲಿನ ನರ

ಮಿದುಳಿನಿಂದ ನೇರವಾಗಿ ಹೊರಡುವ ನರಗಳು ಹನ್ನೆರಡು ಜೊತೆ. ಅವುಗಳಲ್ಲಿ ಐದನೆಯದಕ್ಕೆ ಟ್ರೈಜೆಮಿನಲ್ ಎಂದು ಹೆಸರು. ತ್ರಿವಳಿ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಹೆಸರಿಗೆ ತಕ್ಕಂತೆ ಇದು ತಲೆಬುರುಡೆಯ ಒಳಗೇ ಮೂರಾಗಿ ಕವಲೊಡೆಯುತ್ತದೆ. ಮೊದಲನೆಯ ಕವಲು ಹಣೆ, ಕಣ್ಣು ಮತ್ತು ಮೇಲ್ರೆಪ್ಪೆಯ ಕಡೆಗೆ ಹೋಗುತ್ತದೆ. ಎರಡನೆಯದು ಕೆಳರೆಪ್ಪೆ, ಕೆನ್ನೆ, ಮೂಗಿನ ಪಕ್ಕ, ಮೇಲ್ತುಟಿ, ಅಂಗುಳ ಮತ್ತು ಮೇಲಿನ ಹಲ್ಲುಗಳಿಗೆ. ಮೂರನೆಯದು ಕೆಳಗಿನ ಹಲ್ಲುಗಳು, ನಾಲಿಗೆ, ಕೆಳತುಟಿ ಮತ್ತು ಗದ್ದಕ್ಕೆ. ಎಡಕ್ಕೆ ಒಂದು ನರ, ಬಲಕ್ಕೆ ಇನ್ನೊಂದು. ಹುಡುಗನ ಜೋಮು ನಟ್ಟನಡುವೆ ನಿಂತದ್ದು ಇದರಿಂದಲೇ. ಗೀಟಿನ ಆಚೆಗಿನ ಸೀಮೆ ಎಡಗಡೆಯ ನರದ್ದು.

ಹಲ್ಲಿನ ನೋವು, ಕಾಫಿಯ ಬಿಸಿ, ಐಸ್‌ಕ್ಯಾಂಡಿಯ ತಂಪು, ಕೆನ್ನೆಯ ಮೇಲೆ ಕುಳಿತ ನೊಣ, ಎಲ್ಲದರ ಸುದ್ದಿಯನ್ನು ಮಿದುಳಿಗೆ ಒಯ್ಯುವುದು ಈ ನರದ ಕೆಲಸ. ದಾರಿಯಲ್ಲಿ ಎಲ್ಲಾದರೂ ಸುದ್ದಿಯನ್ನು ತಡೆದರೆ ಆಯಿತು, ಹಲ್ಲಿನಲ್ಲಿ ಏನೇ ನಡೆದರೂ ಮಿದುಳಿಗೆ ತಿಳಿಯುವುದಿಲ್ಲ.

ತಡೆಯುವುದು ಎಲ್ಲಿ? ಇದಕ್ಕೆ ಎರಡು ದಾರಿ. ಒಂದು ಮನೆಯ ಕರೆಂಟು ತೆಗೆಯಬೇಕಾದರೆ ಆ ಮನೆಯ ಮೇನ್ ಸ್ವಿಚ್ ಆರಿಸಬಹುದು. ಇಲ್ಲವೇ ಬೀದಿಯ ಕೊನೆಯಲ್ಲಿರುವ ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಕೀಳಬಹುದು. ಆಗ ಆ ಮನೆಯ ಜೊತೆಗೆ ಬೀದಿಗೆ ಬೀದಿಯೇ ಕತ್ತಲು. ದಂತವೈದ್ಯರು ಹಲ್ಲಿನ ಬೇರಿನ ಪಕ್ಕದಲ್ಲೇ ಮದ್ದು ಬಿಡುವುದು ಮೊದಲನೆಯ ಬಗೆ. ನರದ ಕಾಂಡದ ಬಳಿಗೇ ಹೋಗಿ ಮದ್ದು ಬಿಡುವುದು ಎರಡನೆಯ ಬಗೆ. ಇದಕ್ಕೆ 'ನರ್ವ್ ಬ್ಲಾಕ್', ಅಂದರೆ ನರತಡೆ ಎನ್ನುತ್ತಾರೆ.

ಮೇಲ್ದವಡೆ: ಮೆದು ಮೂಳೆಯ ಅನುಕೂಲ

ಮೇಲ್ದವಡೆಯ ಮೂಳೆಯ ಹೊರಪದರ ತೆಳು, ತುಂಬ ಸಣ್ಣ ರಂಧ್ರಗಳು. ಹಲ್ಲಿನ ಬೇರಿನ ತುದಿಯ ನೇರಕ್ಕೆ, ತುಟಿ ಅಥವಾ ಕೆನ್ನೆಯ ಒಳಮಗ್ಗುಲಿನ ಮಡಿಕೆಯಲ್ಲಿ ಮದ್ದು ಬಿಟ್ಟರೆ ಅದು ಮೂಳೆಯೊಳಗೆ ಇಂಗಿ ಬೇರಿನ ತುದಿಯ ನರದ ಎಳೆಗಳನ್ನು ಮುಟ್ಟುತ್ತದೆ. ಒಂದೆರಡು ಹಲ್ಲು ಮತ್ತು ಸುತ್ತಲಿನ ವಸಡು ಮಾತ್ರ ಮರಗಟ್ಟುತ್ತವೆ. ಅಕ್ಕನಿಗೆ ಆದದ್ದು ಇದು.

ಹೆಚ್ಚು ಹಲ್ಲುಗಳಿಗೆ ಒಟ್ಟಿಗೆ ಚಿಕಿತ್ಸೆ ಆಗಬೇಕಾದರೆ, ಅಥವಾ ಹಲ್ಲಿನ ಪಕ್ಕದಲ್ಲೇ ಕೀವಿದ್ದರೆ, ಮೇಲ್ದವಡೆಗೂ ನರತಡೆ ಬೇಕಾಗುತ್ತದೆ. ಕೊನೆಯ ದವಡೆ ಹಲ್ಲಿನ ಮೇಲೆ, ಹಿಂದಕ್ಕೆ ಚುಚ್ಚಿದರೆ ಮೇಲಿನ ದವಡೆ ಹಲ್ಲುಗಳು ಮರಗಟ್ಟುತ್ತವೆ. ಆದರೆ ಮೊದಲ ದವಡೆ ಹಲ್ಲಿನ ಮೂರು ಬೇರುಗಳಲ್ಲಿ ಕೆನ್ನೆಯ ಕಡೆಯ ಮುಂದಿನ ಬೇರು ಹಲವರಲ್ಲಿ ಬೇರೆ ಎಳೆಯ ಸುಪರ್ದಿಯಲ್ಲಿರುತ್ತದೆ. ಅದಕ್ಕೆ ಇನ್ನೊಂದು ಸೂಜಿ ಬೇಕು. ಕಣ್ಣಿನ ಗೂಡಿನ ಕೆಳಅಂಚಿನಿಂದ ಸ್ವಲ್ಪ ಕೆಳಗೆ ಮೂಳೆಯಲ್ಲಿ ಒಂದು ಪುಟ್ಟ ರಂಧ್ರವಿದೆ. ಅಲ್ಲಿ ಮದ್ದು ಬಿಟ್ಟರೆ ಆ ಕಡೆಯ ಬಾಚಿಹಲ್ಲು, ಕೋರೆಹಲ್ಲುಗಳ ಜೊತೆಗೆ ಕೆಳರೆಪ್ಪೆ, ಮೂಗಿನ ಪಕ್ಕ ಮತ್ತು ಮೇಲ್ತುಟಿಯ ಅರ್ಧಕ್ಕೆ ಜೋಮು.

ಅಂಗುಳದ ಕತೆ ಬೇರೆ. ಅದರ ಮುಂಭಾಗಕ್ಕೆ ಬಾಚಿಹಲ್ಲುಗಳ ಹಿಂದಿನ ಪುಟ್ಟ ಉಬ್ಬಿನ ಬಳಿ ಹೊರಬೀಳುವ ನರ. ಹಿಂಭಾಗಕ್ಕೆ, ದವಡೆ ಹಲ್ಲಿನಿಂದ ಹೆಚ್ಚುಕಡಿಮೆ ಕೋರೆಹಲ್ಲಿನವರೆಗೆ, ಇನ್ನೊಂದು ನರ. ಅಂಗುಳದ ಚರ್ಮ ಮೂಳೆಗೆ ಬಿಗಿಯಾಗಿ ಅಂಟಿಕೊಂಡಿದೆ. ಮದ್ದು ಹರಡಲು ಜಾಗ ಸಾಲದು. ಹಾಗಾಗಿ ಇಲ್ಲಿ ಚುಚ್ಚಿದಾಗ ನೋವು ಕೊಂಚ ಹೆಚ್ಚು. ಡಾಕ್ಟರು ನಿಧಾನವಾಗಿ, ಹನಿಹನಿಯಾಗಿ ಬಿಟ್ಟಷ್ಟೂ ನೋವು ಕಡಿಮೆ.

ಕೆಳದವಡೆ: ಬಾಗಿಲಲ್ಲೇ ತಡೆ

ಕೆಳದವಡೆಯ ಮೂಳೆಯ ಹೊರಪದರ ದಪ್ಪ, ಗಟ್ಟಿ. ದೊಡ್ಡವರಲ್ಲಿ ದವಡೆ ಹಲ್ಲಿನ ಪಕ್ಕದಲ್ಲಿ ಮದ್ದು ಬಿಟ್ಟರೆ ಅದು ಸಾಕಷ್ಟು ಒಳಗೆ ಇಳಿಯುವುದಿಲ್ಲ. ಹಾಗಾದರೆ ನರ ಒಳಗೆ ಹೋದದ್ದು ಹೇಗೆ? ಅದಕ್ಕೊಂದು ಬಾಗಿಲಿದೆ. ಕಿವಿಯ ಕಡೆಗೆ ಮೇಲೇರುವ ದವಡೆಮೂಳೆಯ ಒಳಮಗ್ಗುಲಿನಲ್ಲಿ, ಹೆಚ್ಚುಕಡಿಮೆ ನಡುವೆ, ಒಂದು ರಂಧ್ರವಿದೆ. ನರ ಅದರೊಳಗೆ ನುಗ್ಗಿ, ಮೂಳೆಯೊಳಗಿನ ನಾಲೆಯಲ್ಲಿ ಮುಂದೆ ಸಾಗುತ್ತ, ಪ್ರತಿ ಹಲ್ಲಿಗೂ ಎಳೆಗಳನ್ನು ಕೊಡುತ್ತದೆ. ಮುಂದವಡೆ ಹಲ್ಲುಗಳ ಬೇರಿನ ಬಳಿ ಮೂಳೆಯ ಹೊರಮಗ್ಗುಲಿನಲ್ಲಿ ಇನ್ನೊಂದು ರಂಧ್ರ. ಅಲ್ಲಿಂದ ನರದ ಒಂದು ಭಾಗ ಹೊರಬಂದು ಕೆಳತುಟಿ ಮತ್ತು ಗದ್ದದ ಚರ್ಮಕ್ಕೆ ಹರಡುತ್ತದೆ. ಉಳಿದದ್ದು ಮೂಳೆಯೊಳಗೇ ಬಾಚಿಹಲ್ಲುಗಳತ್ತ ಸಾಗುತ್ತದೆ.

ಡಾಕ್ಟರು ಹುಡುಗನ ಬಾಯಿಯ ಹಿಂದೆ ಸೂಜಿ ಇಳಿಸಿದ್ದು ಆ ಮೊದಲ ಬಾಗಿಲಿಗಾಗಿ. ಬಾಯಿ ಅಗಲಿಸಿದಾಗ ಹಿಂದೆ ಮೇಲಿನಿಂದ ಕೆಳಕ್ಕೆ ಒಂದು ಮಡಿಕೆ ಕಾಣುತ್ತದೆ. ಹೆಬ್ಬೆರಳಿನಿಂದ ತಡವಿದರೆ ದವಡೆಮೂಳೆಯ ಮುಂಅಂಚು ಸಿಗುತ್ತದೆ. ಇವೆರಡರ ನಡುವೆ, ಇನ್ನೊಂದು ಬದಿಯ ಮುಂದವಡೆ ಹಲ್ಲುಗಳ ಮೇಲಿನಿಂದ ಓರೆಯಾಗಿ ಬಂದ ಸೂಜಿ, ದೊಡ್ಡವರಲ್ಲಿ 20ರಿಂದ 25 ಮಿಲಿಮೀಟರ್ ಒಳಗೆ ಹೋಗಿ ಮೂಳೆಯನ್ನು ಮೆಲ್ಲಗೆ ಮುಟ್ಟುತ್ತದೆ. ಅಲ್ಲೇ ಮದ್ದು ಬಿಡಬೇಕು.

ಬಾಗಿಲಲ್ಲೇ ತಡೆದ ಮೇಲೆ ಮುಂದಿನ ದಾರಿಯೆಲ್ಲ ಬಂದ್. ಆ ಬದಿಯ ಕೆಳಹಲ್ಲುಗಳಷ್ಟೂ, ಕೆಳತುಟಿಯ ಅರ್ಧ, ಗದ್ದದ ಅರ್ಧ ಮರಗಟ್ಟುತ್ತವೆ. ಡಾಕ್ಟರು "ತುಟಿ ದಪ್ಪ ಆದ ಹಾಗಿದೆಯಾ?" ಎಂದು ಕೇಳುವುದು ಉಪಚಾರಕ್ಕಲ್ಲ. ತುಟಿ ಆ ನರದ ಕೊನೆಯ ನಿಲ್ದಾಣ. ಅಲ್ಲಿ ಜೋಮು ಬಂದರೆ ಮದ್ದು ಸರಿಯಾದ ಜಾಗಕ್ಕೆ ತಲುಪಿದೆ ಎಂದು ತಿಳಿಯಬಹುದು.

ನಾಲಿಗೆಗೇಕೆ ಜೋಮು? ನಾಲಿಗೆಯ ನರ ಅದೇ ಬಾಗಿಲಿನ ಪಕ್ಕದಲ್ಲೇ, ಸ್ವಲ್ಪ ಮುಂದೆ ಹಾದುಹೋಗುತ್ತದೆ. ಹಾಗಾಗಿ ಅದಕ್ಕೂ ಮದ್ದಿನ ಪಾಲು ಸಿಗುತ್ತದೆ. ನಾಲಿಗೆಯ ಮುಂದಿನ ಮೂರರಲ್ಲಿ ಎರಡು ಪಾಲು, ಆ ಬದಿಯಲ್ಲಿ ಜೋಮು. ರುಚಿಯ ಎಳೆಗಳೂ ಅದೇ ನರದ ಜೊತೆ ಸಾಗುವುದರಿಂದ ಅಲ್ಲಿ ರುಚಿಯೂ ಮಂಕು. ಆದರೆ ದವಡೆ ಹಲ್ಲುಗಳ ಕೆನ್ನೆಯ ಕಡೆಯ ವಸಡು ಮಾತ್ರ ಇನ್ನೊಂದು ಎಳೆಯ ಪಾಲು. ಅದು ಆ ಬಾಗಿಲಿಗೆ ಬರುವುದೇ ಇಲ್ಲ. ಹಲ್ಲು ಕೀಳಬೇಕಾದರೆ ಕೆನ್ನೆಯ ಒಳಗೆ ಇನ್ನೊಂದು ಪುಟ್ಟ ಸೂಜಿ ಕೊಡುವುದು ಇದಕ್ಕಾಗಿ.

ಮಕ್ಕಳಲ್ಲಿ ಒಂದು ವಿಶೇಷವಿದೆ. ಪುಟ್ಟ ಮಕ್ಕಳ ದವಡೆಯಲ್ಲಿ ಈ ಬಾಗಿಲು ಹಲ್ಲುಗಳ ಮೇಲ್ಮಟ್ಟಕ್ಕಿಂತ ಕೆಳಗಿರುತ್ತದೆ. ದವಡೆ ಬೆಳೆದಂತೆ ಮೇಲೇರುತ್ತದೆ. ಮಗುವಿನ ವಯಸ್ಸು ನೋಡಿ ಡಾಕ್ಟರು ಸೂಜಿಯ ಎತ್ತರ ಬದಲಿಸಬೇಕು. ಎಳೆಯ ಮೂಳೆ ದೊಡ್ಡವರದರಷ್ಟು ಗಟ್ಟಿಯಲ್ಲದ ಕಾರಣ ಕೆಳಗಿನ ಹಾಲುಹಲ್ಲಿಗೆ ಎಷ್ಟೋ ಸಲ ಪಕ್ಕದಲ್ಲಿ ಚುಚ್ಚಿದರೂ ಸಾಕಾಗುತ್ತದೆ.

ಬಾಗಿಲಿನ ಜಾಗ ಎಲ್ಲರಲ್ಲೂ ಒಂದೇ ಆಗಿರುವುದಿಲ್ಲ. ನುರಿತವರ ಕೈಯಲ್ಲೂ ಈ ತಡೆ ನೂರಕ್ಕೆ 15–20 ಸಲ ಪೂರ್ತಿ ಹತ್ತುವುದಿಲ್ಲ ಎಂದು ಪಠ್ಯಪುಸ್ತಕಗಳೇ ಹೇಳುತ್ತವೆ. ಎರಡನೆಯ ಸಲ ಚುಚ್ಚಿದರೆ ಡಾಕ್ಟರಿಗೆ ಬರುವುದಿಲ್ಲ ಎಂದು ತಿಳಿಯಬೇಕಾಗಿಲ್ಲ.

ಮದ್ದು ಮಾಡುವುದೇನು?

ನರದ ಎಳೆಯಲ್ಲಿ ಸುದ್ದಿ ಸಾಗುವುದು ವಿದ್ಯುತ್ತಿನ ರೂಪದಲ್ಲಿ. ಸುಮ್ಮನಿರುವ ಎಳೆಯ ಒಳಗಡೆ, ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ. ಸುದ್ದಿ ಬಂದಾಗ ಪೊರೆಯಲ್ಲಿರುವ ಪುಟ್ಟ ಗೇಟುಗಳು ತೆರೆದು ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ. ಅದರಿಂದ ಮುಂದಿನ ಗೇಟು, ಅದರಿಂದ ಅದರ ಮುಂದಿನದು. ಹೀಗೆ ಸುದ್ದಿ ಮಿದುಳು ಸೇರುತ್ತದೆ. ಲಿಗ್ನೊಕೇನ್ ಎಂಬ ಮದ್ದು ಪೊರೆಯನ್ನು ದಾಟಿ, ಒಳಗಿನಿಂದ ಈ ಗೇಟುಗಳಿಗೆ ಅಗುಳಿ ಹಾಕುತ್ತದೆ. ಸುದ್ದಿ ಅಲ್ಲೇ ನಿಲ್ಲುತ್ತದೆ. ರಕ್ತ ಮದ್ದನ್ನು ಕೊಚ್ಚಿಕೊಂಡು ಹೋದ ಮೇಲೆ ಗೇಟುಗಳು ಮತ್ತೆ ಎಂದಿನಂತೆ. ರಕ್ತ ಬೇಗ ಕೊಚ್ಚಿಕೊಂಡು ಹೋಗದಿರಲೆಂದು ರಕ್ತನಾಳಗಳನ್ನು ಕುಗ್ಗಿಸುವ ಅಡ್ರಿನಲಿನ್ ಅನ್ನು 80,000ಕ್ಕೆ ಒಂದರಷ್ಟು ತೆಳುವಾಗಿ ಬೆರೆಸಿರುತ್ತಾರೆ.

ನೋವಿನ ಎಳೆಗಳು ತೆಳು. ಅವು ಮೊದಲು ಮಲಗುತ್ತವೆ. ಒತ್ತಡವನ್ನು ತಿಳಿಸುವ ದಪ್ಪ ಎಳೆಗಳು ಸುಲಭಕ್ಕೆ ಮಲಗುವುದಿಲ್ಲ. ಹಲ್ಲು ಕೀಳುವಾಗ ನೋವಿಲ್ಲದಿದ್ದರೂ ಯಾರೋ ಒತ್ತಿದ, ಎಳೆದ ಅನುಭವ ಆಗುವುದು ಇದರಿಂದ. ಈ ವ್ಯತ್ಯಾಸವನ್ನು ಮಗುವಿಗೆ ಮೊದಲೇ ಹೇಳಿಟ್ಟರೆ ಅರ್ಧ ಹೆದರಿಕೆ ಕಡಿಮೆ. ನಿಜವಾಗಿ ನೋವಾದರೆ ಕೈ ಎತ್ತಬೇಕು ಎಂಬುದನ್ನೂ ಹೇಳಿಕೊಡಬೇಕು.

ಕೀವು ತುಂಬಿದ ಜಾಗದಲ್ಲಿ ಮದ್ದು ಸರಿಯಾಗಿ ಹತ್ತುವುದಿಲ್ಲ. ಇದಕ್ಕೆ ಕಾರಣ ಪಿಯುಸಿ ವಿದ್ಯಾರ್ಥಿಗಳಿಗೆ ಗೊತ್ತಿರುವ ಪಿಎಚ್. ಲಿಗ್ನೊಕೇನಿನ ಅಣುಗಳಲ್ಲಿ ವಿದ್ಯುದಂಶ ಇಲ್ಲದವು ಮಾತ್ರ ಪೊರೆ ದಾಟಬಲ್ಲವು. ದೇಹದ ಸಹಜ ಪಿಎಚ್ 7.4ರಲ್ಲಿ ಅಂಥವು ನೂರಕ್ಕೆ ಸುಮಾರು 24. ಸೋಂಕಿನಿಂದ ಜಾಗ ಆಮ್ಲೀಯವಾಗಿ ಪಿಎಚ್ 6.4ಕ್ಕೆ ಇಳಿದರೆ ನೂರಕ್ಕೆ ಮೂರೇ. ಆಗ ಕೀವಿನಿಂದ ದೂರದಲ್ಲಿ, ನರದ ಕಾಂಡವನ್ನೇ ತಡೆಯುವುದು ಜಾಣತನ. ನೋವು ಶುರುವಾದ ಕೂಡಲೇ ಹೋದವನಿಗೆ ಸುಲಭವಾಗುವ ಚಿಕಿತ್ಸೆ, ಮುಖ ಊದಿಸಿಕೊಂಡು ಹೋದವನಿಗೆ ಕಷ್ಟವಾಗುವುದು ಏಕೆಂದು ಈಗ ತಿಳಿಯಿತಲ್ಲ?

ಕೋಕಾದಿಂದ ಲಿಗ್ನೊಕೇನಿಗೆ

ಹಲ್ಲುನೋವಿಗೆ ಲವಂಗ ಕಚ್ಚುವುದು ನಮ್ಮ ಮನೆಗಳಲ್ಲಿ ಹಳೆಯ ರೂಢಿ. ಲವಂಗದ ಎಣ್ಣೆಯ ಯೂಜಿನಾಲ್ ಮೇಲ್ಮೇಲೆ ಸ್ವಲ್ಪ ಜೋಮು ಹಿಡಿಸುವುದು ನಿಜ. ಮೂಳೆಯೊಳಗಿನ ನರಕ್ಕೆ ಅದು ತಲುಪದು. 1884ರಲ್ಲಿ ಕಾರ್ಲ್ ಕೊಲ್ಲರ್ ಎಂಬ ವೈದ್ಯರು, ಕೋಕಾ ಎಲೆಯಿಂದ ತೆಗೆದ ಕೊಕೇನ್ ಹನಿಗಳು ಕಣ್ಣನ್ನು ಮರಗಟ್ಟಿಸುವುದನ್ನು ವಿಯೆನ್ನಾದಲ್ಲಿ ಕಂಡುಕೊಂಡರು. ಅದೇ ವರ್ಷ ನ್ಯೂಯಾರ್ಕಿನಲ್ಲಿ ವಿಲಿಯಂ ಹಾಲ್‌ಸ್ಟೆಡ್ ಮತ್ತು ಸಂಗಡಿಗರು ಕೆಳದವಡೆಯ ಆ ನರಕ್ಕೆ ಕೊಕೇನ್ ಚುಚ್ಚಿ ಹಲ್ಲನ್ನು ಮರಗಟ್ಟಿಸಿದರು. ತಮ್ಮ ಮೇಲೂ ಪ್ರಯೋಗ ಮಾಡಿಕೊಂಡ ಹಾಲ್‌ಸ್ಟೆಡ್ ಕೊಕೇನ್ ಚಟಕ್ಕೆ ಬಿದ್ದು ಬಹಳ ನರಳಿದರು. ಚಟ ಹಿಡಿಸದ ಮದ್ದಿಗಾಗಿ ಹುಡುಕಾಟ ನಡೆಯಿತು. ಜರ್ಮನಿಯ ಆಲ್ಫ್ರೆಡ್ ಐನ್‌ಹಾರ್ನ್ 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಪ್ರೊಕೇನನ್ನು ತಯಾರಿಸಿದರು. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲಾಫ್‌ಗ್ರೆನ್ ಲಿಗ್ನೊಕೇನನ್ನು ತಯಾರಿಸಿದರು. ಅದು 1948ರಲ್ಲಿ ಮಾರುಕಟ್ಟೆಗೆ ಬಂತು. ಇಂದಿಗೂ ದಂತವೈದ್ಯರ ಕೈಯಲ್ಲಿ ಹೆಚ್ಚಾಗಿ ಇರುವ ಮದ್ದು ಇದೇ.

ಲಕ್ವವೇ ಇದು?

ಈಗ ಅಜ್ಜಿಯ ಗಾಬರಿಯ ವಿಷಯ. ಜೋಮು ಬೇರೆ, ಲಕ್ವ ಬೇರೆ. ಮುಖದ ಸ್ಪರ್ಶ, ನೋವುಗಳ ಸುದ್ದಿ ಒಯ್ಯುವುದು ಐದನೆಯ ನರವಾದರೆ, ನಗುವ, ಊದುವ, ಕಣ್ಣು ಮುಚ್ಚುವ ಸ್ನಾಯುಗಳನ್ನು ಆಡಿಸುವುದು ಏಳನೆಯ ನರ. ಅದರ ದಾರಿಯೇ ಬೇರೆ. ಹುಡುಗನಿಗೆ "ಕಣ್ಣು ಗಟ್ಟಿಯಾಗಿ ಮುಚ್ಚು, ಹಲ್ಲು ಕಿಸಿ" ಎಂದಾಗ ಎರಡು ಬದಿಯೂ ಸಮನಾಗಿ ಆಡಿದವು. ತುಟಿ ಇದ್ದ ಹಾಗೇ ಇದೆ. ಇದೆಯೆಂಬ ಅರಿವು ಇಲ್ಲ, ಅಷ್ಟೆ. ಲೋಟ ತುಟಿಗೆ ತಾಗಿದ್ದು ತಿಳಿಯದೆ ನೀರು ಚೆಲ್ಲಿತು.

ಕೆಲವೊಮ್ಮೆ ಸೂಜಿ ತೀರಾ ಹಿಂದಕ್ಕೆ ಹೋಗಿ ಮದ್ದು ಏಳನೆಯ ನರವನ್ನೂ ಮುಟ್ಟಿದರೆ ಆ ಬದಿಯ ಕಣ್ಣು ಮುಚ್ಚಲಾಗದೆ, ಬಾಯಿ ಓರೆಯಾಗುವುದುಂಟು. ಮದ್ದು ಇಳಿದಂತೆ ಕೆಲವು ಗಂಟೆಗಳಲ್ಲಿ ಅದೂ ಸರಿಹೋಗುತ್ತದೆ. ಆದರೆ ಡಾಕ್ಟರಿಗೆ ತಿಳಿಸಬೇಕು. ಅಲ್ಲಿಯವರೆಗೆ ಕಣ್ಣಿಗೆ ಧೂಳು ಬೀಳದಂತೆ ಕಾಯಬೇಕು.

ನಿಜವಾದ ಅಪಾಯ ಮನೆಗೆ ಬಂದ ಮೇಲೆ

ಹಲ್ಲಿನ ಒಳಗಿನ ಜೋಮು ಸುಮಾರು ಒಂದು ಗಂಟೆ. ತುಟಿ, ನಾಲಿಗೆಗಳದ್ದು ಮೂರರಿಂದ ಐದು ಗಂಟೆ. ಚಿಕಿತ್ಸೆ ಮುಗಿದು ಮಗು ಮನೆ ಸೇರಿದ ಮೇಲೂ ತುಟಿ ಮಲಗಿಯೇ ಇರುತ್ತದೆ. ದಪ್ಪನಾದಂತೆ ತೋರುವ ಆ ತುಟಿಯನ್ನು ಮಕ್ಕಳು ಆಟಕ್ಕೆ ಕಚ್ಚುತ್ತಾರೆ, ಅಗಿಯುತ್ತಾರೆ. ನೋವಿಲ್ಲವಲ್ಲ! ಜೋಮು ಬಿಟ್ಟ ಮೇಲೆ ತುಟಿ ಊದಿ ಹುಣ್ಣಾಗಿ ವಾರಗಟ್ಟಲೆ ಕಾಡುತ್ತದೆ. ಎಷ್ಟೋ ಪಾಲಕರು ಇದನ್ನು ಸೂಜಿಯ ದೋಷವೆಂದೇ ತಿಳಿಯುತ್ತಾರೆ. ನೋವು ನಮ್ಮ ಶತ್ರುವಲ್ಲ, ಕಾವಲುಗಾರ. ಕಾವಲುಗಾರ ಮಲಗಿದ್ದಾಗ ಮನೆಯವರು ಎಚ್ಚರವಿರಬೇಕು.

ಪಾಲಕರು ನೆನಪಿಡಬೇಕಾದ್ದು ಇಷ್ಟು. ಜೋಮು ಪೂರ್ತಿ ಬಿಡುವವರೆಗೆ ಮಗುವಿಗೆ ಅಗಿಯುವ ತಿಂಡಿ, ಬಿಸಿ ಹಾಲು, ಬಿಸಿ ಕಾಫಿ ಬೇಡ. ತುಟಿ, ಕೆನ್ನೆ ಕಚ್ಚದಂತೆ ಕಣ್ಣಿಡಿ. ಸೂಜಿಗೆ ಹೆದರಿ, ಅದರಲ್ಲೂ ಖಾಲಿ ಹೊಟ್ಟೆಯಲ್ಲಿ, ತಲೆ ಸುತ್ತಿ ಬೀಳುವವರುಂಟು. ಬೇರೆ ಸೂಚನೆ ಇಲ್ಲದಿದ್ದರೆ ಹಗುರವಾಗಿ ಏನಾದರೂ ತಿಂದು ಹೋಗಿ. ಹೃದಯದ ತೊಂದರೆ, ರಕ್ತದೊತ್ತಡ, ಗರ್ಭಿಣಿ ಎಂಬುದು, ನುಂಗುತ್ತಿರುವ ಮಾತ್ರೆಗಳು, ಹಿಂದೆ ಯಾವುದಾದರೂ ಮದ್ದು ಒಗ್ಗದಿದ್ದುದು, ಎಲ್ಲವನ್ನೂ ಮೊದಲೇ ಹೇಳಿ. ಮಗುವಿನ ತೂಕವೂ ಮುಖ್ಯ. ಶೇಕಡ 2ರ ಲಿಗ್ನೊಕೇನ್ ಎಂದರೆ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ. 1.8 ಮಿಲಿಲೀಟರಿನ ಒಂದು ಕೊಳವೆಯಲ್ಲಿ 36 ಮಿಲಿಗ್ರಾಂ. ಮಕ್ಕಳಿಗೆ ಕಿಲೋ ತೂಕಕ್ಕೆ 4.4 ಮಿಲಿಗ್ರಾಂ ದಾಟಬಾರದೆಂಬ ಲೆಕ್ಕವಿದೆ. 30 ಕಿಲೋ ತೂಗುವ ಮಗುವಿಗೆ ಗರಿಷ್ಠ ಎಷ್ಟು ಕೊಳವೆ ಎಂದು ವಿದ್ಯಾರ್ಥಿಗಳೇ ಲೆಕ್ಕ ಮಾಡಿ ನೋಡಬಹುದು. ನಾಲ್ಕಕ್ಕಿಂತ ಕಡಿಮೆ ಬರುತ್ತದೆ. ಸಾಮಾನ್ಯವಾಗಿ ಒಂದು ಬದಿಗೆ ಬೇಕಾಗುವುದು ಒಂದೇ.

ಇನ್ನೊಂದು ಮಾತು. ಈ ಹುಡುಗನ ಕೆಟ್ಟ ಹಲ್ಲು ಕೆಳಗಿನ ಮೊದಲ ದವಡೆ ಹಲ್ಲು. ಅದು ಸುಮಾರು ಆರನೆಯ ವರ್ಷಕ್ಕೆ, ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಹುಟ್ಟುತ್ತದೆ. ಅದನ್ನೂ ಹಾಲುಹಲ್ಲೆಂದು ತಿಳಿದು, "ಹೇಗೂ ಬೀಳುತ್ತೆ ಬಿಡು" ಎನ್ನುವವರೇ ಹೆಚ್ಚು. ಅದು ಬಿದ್ದರೆ ಮತ್ತೆ ಬರುವುದಿಲ್ಲ.

ಅಜ್ಜಿಯ ಹಲ್ಲು, ಅಜ್ಜಿಯ ಕಣ್ಣು

ಈ ಗಲಾಟೆಯ ನಡುವೆ ಅಜ್ಜಿಯ ಗುಟ್ಟೊಂದು ಹೊರಬಿತ್ತು. ಅವರ ಮೇಲಿನ ಎಡಗಡೆಯ ದವಡೆ ಹಲ್ಲು ಎರಡು ವರ್ಷದಿಂದ ಕಾಡುತ್ತಿತ್ತು. "ಮೇಲಿನ ಹಲ್ಲು ಕೀಳಿಸಿದ್ರೆ ಕಣ್ಣು ಹೋಗುತ್ತೆ" ಎಂದು ಯಾರೋ ಹೇಳಿದ್ದರಿಂದ ಲವಂಗ ಕಚ್ಚಿಕೊಂಡು ಸುಮ್ಮನಿದ್ದರು.

ಈ ಮಾತು ಊರೂರಲ್ಲೂ ಇದೆ. ಆದರೆ ನೋಟದ ನರ ಎರಡನೆಯದು. ಅದು ಕಣ್ಣಿನ ಹಿಂದಿನಿಂದ ನೇರವಾಗಿ ಮಿದುಳಿಗೆ ಹೋಗುತ್ತದೆ. ಮೇಲಿನ ಹಲ್ಲುಗಳದ್ದು ಐದನೆಯ ನರದ ಎರಡನೆಯ ಕವಲು. ಅದು ಕಣ್ಣಿನ ಗೂಡಿನ ನೆಲದಲ್ಲಿ ಹಾದುಹೋಗುತ್ತದೆ ಎಂಬುದಷ್ಟೇ ನೆಂಟಸ್ತಿಕೆ. ಸೂಜಿ ಕೊಟ್ಟಾಗ ಕೆಳರೆಪ್ಪೆಗೆ ಜೋಮು ಬಂದದ್ದನ್ನು ಕಂಡವರು ಕಣ್ಣಿಗೇ ಏನೋ ಆಯಿತೆಂದು ಹೆದರಿರಬಹುದು. ತೀರಾ ಅಪರೂಪಕ್ಕೆ ಮದ್ದು ಕಣ್ಣಿನ ಸ್ನಾಯುಗಳ ನರಕ್ಕೆ ತಲುಪಿ ಸ್ವಲ್ಪ ಹೊತ್ತು ಒಂದು ಎರಡಾಗಿ ಕಾಣುವುದುಂಟು. ಮದ್ದಿಳಿದಂತೆ ಸರಿಹೋಗುತ್ತದೆ. ಕೀವು ತುಂಬಿದ ಮೇಲಿನ ಹಲ್ಲನ್ನು ಹಾಗೇ ಬಿಟ್ಟರೆ ಮಾತ್ರ ಸೋಂಕು ಕೆನ್ನೆಗೆ, ಅಲ್ಲಿಂದ ಕಣ್ಣಿನ ಸುತ್ತಲಿಗೂ ಹರಡಬಹುದು. ಕಣ್ಣಿಗೆ ಭಯವಿದ್ದರೆ ಅದು ಕೀಳಿಸದ ಹಲ್ಲಿನಿಂದಲೇ.

ಮುಂದಿನ ವಾರ ಅಜ್ಜಿ ಹಲ್ಲು ಕೀಳಿಸಿಕೊಂಡು ಬಂದರು. ಮೊಮ್ಮಗ ಬಾಗಿಲಲ್ಲೇ ಕಾಯುತ್ತಿದ್ದ. "ಅಜ್ಜಿ, ನಾಲಿಗೆ ಜೋಮು ಹಿಡಿದಿದೆಯಾ?" ಬಾಯಲ್ಲಿ ಹತ್ತಿ ಕಚ್ಚಿದ್ದ ಅಜ್ಜಿ ಇಲ್ಲವೆಂದು ತಲೆಯಾಡಿಸಿದರು. "ಕೆಳತುಟಿ?" ಅದೂ ಇಲ್ಲ. "ಮತ್ತೆ? ನಿಂದು ಎರಡನೇ ಕವಲು, ನಂದು ಮೂರನೇದು!" ಎಂದು ಹುಡುಗ ಕುಣಿದ. ಅಜ್ಜಿ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಎಡಗಣ್ಣಿನಿಂದ ಆ ದಿನದ ತಿಥಿಯನ್ನು ಓದಿದರು. ಆಮೇಲೆ ಮೊಮ್ಮಗನತ್ತ ತಿರುಗಿ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದರು: ಹತ್ತಿ ತೆಗೆಯುವ ತನಕ ನನ್ನನ್ನು ಮಾತಾಡಿಸಬೇಡ!